ಚೆಂಡು ಹಿಡಿದು ಓಡದವರ ಉದ್ಯೋಗ: ಕೆನಡಾ ಫುಟ್‌ಬಾಲ್‌ನ ಆಫೆನ್ಸಿವ್ ಲೈನ್‌ಮನ್‌ಗಳಿಗೆ ಎರಡು ಕಡೆಯ ಒತ್ತಡ

ಕೆನಡಾದ ಫುಟ್‌ಬಾಲ್ ನಮಗೆ ಗೊತ್ತಿರುವ ಕಾಲ್ಚೆಂಡಿನಾಟವಲ್ಲ, ಅಮೆರಿಕದ ಫುಟ್‌ಬಾಲ್‌ನಂತೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಲ್ಲಿನ ಕೆನಡಿಯನ್ ಫುಟ್‌ಬಾಲ್ ಲೀಗ್, ಅಂದರೆ ಸಿಎಫ್‌ಎಲ್, ವರ್ಷಕ್ಕೊಮ್ಮೆ ಡ್ರಾಫ್ಟ್ ನಡೆಸುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಆಡಿ ಬಂದ ಕೆನಡಾದ ಹುಡುಗರನ್ನು ಒಂಬತ್ತು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. 2014ರಲ್ಲಿ ಮೊದಲು ಆಯ್ಕೆಯಾದವರು ಪಿಯರ್ ಲಾವರ್ಟು. 2015ರಲ್ಲಿ ಅಲೆಕ್ಸ್ ಮಟೇಯಸ್, 2016ರಲ್ಲಿ ಜೋಸಯಾ ಸೇಂಟ್ ಜಾನ್. ಮೂವರೂ ಆಫೆನ್ಸಿವ್ ಲೈನ್‌ಮನ್‌ಗಳು, ಅಂದರೆ ತಮ್ಮ ತಂಡ ಚೆಂಡಿನೊಂದಿಗೆ ಮುನ್ನುಗ್ಗುವಾಗ ಎದುರಾಳಿಗಳನ್ನು ತಡೆಯುವವರು. 2016ರಲ್ಲಂತೂ ಮೊದಲ ಮೂರು ಆಯ್ಕೆಗಳೂ ಇದೇ ಸ್ಥಾನದವರಿಗೆ ಹೋದವು. 2012ರಲ್ಲಿ ಬೆನ್ ಹೀನನ್, 2019ರಲ್ಲಿ ಶೇನ್ ರಿಚರ್ಡ್ಸ್, 2023ರಲ್ಲಿ ಡಾಂಟೇ ಬುಲ್ ಕೂಡ ಮೊದಲ ಆಯ್ಕೆಯಾಗಿದ್ದವರೇ, ಅವರೂ ಲೈನ್‌ಮನ್‌ಗಳೇ.

ಇವರು ಚೆಂಡು ಹಿಡಿದು ಓಡುವವರಲ್ಲ, ಪಾಸ್ ಎಸೆಯುವವರಲ್ಲ. ಅಂಕಪಟ್ಟಿಯಲ್ಲಿ ಹೆಸರು ಬರುವುದೇ ಅಪರೂಪ. ಹಾಗಿದ್ದರೂ ತಂಡಗಳು ತಮ್ಮ ಅತ್ಯಮೂಲ್ಯ ಆಯ್ಕೆಯನ್ನು ಇಂಥವರ ಮೇಲೆ ಏಕೆ ಹೂಡುತ್ತವೆ? ಆಟದ ಮೈದಾನವನ್ನಷ್ಟೇ ನೋಡಿದರೆ ಇದಕ್ಕೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದಪತ್ರದಲ್ಲಿದೆ.

ಮೊದಲು ಮೈದಾನ. ತಂಡವೊಂದು ಚೆಂಡಿನೊಂದಿಗೆ ಮುನ್ನುಗ್ಗುವಾಗ ಎದುರಾಳಿಗೆ ಮುಖಾಮುಖಿಯಾಗಿ ಐವರು ಸಾಲಾಗಿ ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಸೆಂಟರ್ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟ ಕ್ಷಣದಿಂದ ಇವರ ಕೆಲಸ ಶುರು. ಹಿಂದೆ ನಿಂತು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಪಾಸ್ ಎಸೆಯುವುದಿದ್ದರೆ ಎರಡು ಮೂರು ಸೆಕೆಂಡು ಅವನ ಮೈಮೇಲೆ ಯಾರೂ ಬೀಳದಂತೆ ತಡೆಯಬೇಕು. ಓಟಗಾರ ಓಡುವುದಿದ್ದರೆ ಎದುರಿನವರನ್ನು ಪಕ್ಕಕ್ಕೆ ತಳ್ಳಿ ದಾರಿ ಬಿಡಿಸಬೇಕು. ಒಬ್ಬೊಬ್ಬರೂ 130–140 ಕಿಲೋ ತೂಗುತ್ತಾರೆ. ತೂಕಕ್ಕಿಂತ ಹೆಚ್ಚಾಗಿ ಇಲ್ಲಿ ಬೇಕಾದದ್ದು ಹೊಂದಾಣಿಕೆ. ಎದುರಾಳಿಗಳು ಓಡುತ್ತಲೇ ಜಾಗ ಅದಲುಬದಲು ಮಾಡಿಕೊಂಡರೆ ಯಾರನ್ನು ಯಾರಿಗೆ ಬಿಟ್ಟುಕೊಡಬೇಕು ಎನ್ನುವುದನ್ನು ಐವರೂ ಮಾತಿಲ್ಲದೆ, ಒಂದೇ ಹೊತ್ತಿಗೆ ತೀರ್ಮಾನಿಸಬೇಕು. ಒಬ್ಬ ತಪ್ಪಿದರೆ ಉಳಿದ ನಾಲ್ವರ ಶ್ರಮ ನೀರುಪಾಲು.

ಕೆನಡಾದ ಆಟದ ನಿಯಮಗಳು ಈ ಕೆಲಸವನ್ನು ಅಮೆರಿಕದ ಆಟಕ್ಕಿಂತ ಬೇರೆಯಾಗಿಸಿವೆ. ಇಲ್ಲಿ ಒಂದೊಂದು ಕಡೆ ಹನ್ನೊಂದಲ್ಲ, ಹನ್ನೆರಡು ಮಂದಿ. ಹತ್ತು ಗಜ ಮುಂದೆ ಹೋಗಲು ನಾಲ್ಕಲ್ಲ, ಮೂರೇ ಅವಕಾಶ, ಇವನ್ನು ‘ಡೌನ್’ ಎನ್ನುತ್ತಾರೆ. ಹಾಗಾಗಿ ಓಟಕ್ಕಿಂತ ಪಾಸ್ ಹೆಚ್ಚು, ಅಂದರೆ ಲೈನ್‌ಮನ್ ಮುಂದಕ್ಕೆ ತಳ್ಳುವುದಕ್ಕಿಂತ ಹಿಂದಕ್ಕೆ ಸರಿಯುತ್ತ ತಡೆಯುವುದೇ ಹೆಚ್ಚು. ಮೈದಾನದ ಅಗಲ 65 ಗಜ, ಅಮೆರಿಕದ್ದು 53ಕ್ಕೆ ಸ್ವಲ್ಪ ಮೇಲೆ. ತುದಿಯಲ್ಲಿ ನಿಂತ ಟ್ಯಾಕಲ್ ಕಾಯಬೇಕಾದ ಬಯಲು ಅಷ್ಟು ದೊಡ್ಡದು. ಎಲ್ಲಕ್ಕಿಂತ ಮುಖ್ಯವಾದದ್ದು ನಡುವಿನ ಒಂದು ಗಜ. ಅಮೆರಿಕದಲ್ಲಿ ಎರಡು ಸಾಲುಗಳ ಮಧ್ಯೆ ಚೆಂಡಿನ ಉದ್ದದಷ್ಟೇ ಜಾಗ, ಮೂಗಿಗೆ ಮೂಗು ತಾಗಿಸಿ ನಿಂತಂತೆ. ಕೆನಡಾದಲ್ಲಿ ರಕ್ಷಣಾ ಸಾಲು ಒಂದು ಗಜ ಹಿಂದೆ ನಿಲ್ಲಬೇಕು. ಆ ಒಂದು ಗಜ ಎದುರಾಳಿಗೆ ಓಡಿಬಂದು ಡಿಕ್ಕಿ ಹೊಡೆಯುವ ರಭಸವನ್ನೂ ಲೈನ್‌ಮನ್‌ಗೆ ಕಾಲು ಊರಿ ಸಜ್ಜಾಗುವ ಅರೆಕ್ಷಣವನ್ನೂ ಕೊಡುತ್ತದೆ. ಅಮೆರಿಕದ ವಿಶ್ವವಿದ್ಯಾಲಯದಿಂದ ಬಂದವನಿಗೆ ಇದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಲಾವಾಲ್‌ನಲ್ಲೋ ಸಸ್ಕ್ಯಾಚೆವಾನ್‌ನಲ್ಲೋ ಓದಿದ ಹುಡುಗನಿಗೆ ಇದು ಮೊದಲಿನಿಂದ ರೂಢಿಯಾದದ್ದು. ಕೆನಡಾದ 27 ವಿಶ್ವವಿದ್ಯಾಲಯ ತಂಡಗಳು ಆಡುವುದೂ ಇದೇ ನಿಯಮಗಳಲ್ಲಿ.

ಇನ್ನು ಒಪ್ಪಂದಪತ್ರ. ಐಪಿಎಲ್‌ನಲ್ಲಿ ಹನ್ನೊಂದರಲ್ಲಿ ನಾಲ್ವರಿಗಿಂತ ಹೆಚ್ಚು ವಿದೇಶಿಯರು ಆಡುವಂತಿಲ್ಲ, ಹಾಗಾಗಿ ಕನಿಷ್ಠ ಏಳು ಭಾರತೀಯರು ಇರಲೇಬೇಕು. ಸಿಎಫ್‌ಎಲ್‌ನಲ್ಲೂ ಬಹುಕಾಲ ಇದ್ದ ಸಂಖ್ಯೆ ಏಳೇ. ಆದರೆ ಅದು ಹನ್ನೊಂದರಲ್ಲಿ ಏಳಲ್ಲ. ಆಕ್ರಮಣದ ಹನ್ನೆರಡು, ರಕ್ಷಣೆಯ ಹನ್ನೆರಡು ಸೇರಿದ ಇಪ್ಪತ್ನಾಲ್ಕು ಸ್ಟಾರ್ಟರ್‌ಗಳಲ್ಲಿ, ಅಂದರೆ ಪಂದ್ಯ ಆರಂಭಿಸುವ ಆಟಗಾರರಲ್ಲಿ, ಕನಿಷ್ಠ ಏಳು ಮಂದಿ ಕೆನಡಾದವರಾಗಿರಬೇಕು. ಉಳಿದ ಜಾಗಗಳಲ್ಲಿ ಬಹುಪಾಲು ಅಮೆರಿಕನ್ನರು. ಈ ನಿಯಮವನ್ನು ಅಲ್ಲಿ ‘ರೇಶಿಯೊ’ ಎಂದು ಕರೆಯುತ್ತಾರೆ.

ಆ ಏಳು ಮಂದಿಯನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದು ಪ್ರತಿ ತರಬೇತುದಾರನ ಲೆಕ್ಕಾಚಾರ. ವೇಗವೇ ಬಂಡವಾಳವಾದ ಸ್ಥಾನಗಳಿಗೆ ಅಮೆರಿಕದ ನೂರಾರು ಕಾಲೇಜುಗಳಿಂದ ಪ್ರತಿ ವರ್ಷ ಲೆಕ್ಕವಿಲ್ಲದಷ್ಟು ಹುಡುಗರು ಬರುತ್ತಾರೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಜಾಗ ಸಿಗದ ಅವರಲ್ಲೂ ಅಪ್ರತಿಮ ಓಟಗಾರರಿರುತ್ತಾರೆ. ಆದರೆ ಸೆಂಟರ್ ಮತ್ತು ಗಾರ್ಡ್ ಸ್ಥಾನಗಳಲ್ಲಿ ತಾಳ್ಮೆ, ತಂತ್ರ, ಪಕ್ಕದವನ ಜೊತೆಗಿನ ಹಲವು ವರ್ಷಗಳ ಒಡನಾಟ ಇವೇ ನಿರ್ಣಾಯಕ. ಅಲ್ಲಿ ಕೆನಡಾದ ಆಟಗಾರ ಹಿಂದೆ ಬೀಳುವುದಿಲ್ಲ. ಹೀಗಾಗಿ ಅನೇಕ ತಂಡಗಳು ಐವರ ಸಾಲಿನಲ್ಲಿ ಎರಡೋ ಮೂರೋ ಜಾಗವನ್ನು, ಅದರಲ್ಲೂ ಒಳಗಿನ ಮೂರನ್ನು, ಕೆನಡಾದವರಿಗೆ ಕೊಡುತ್ತ ಬಂದಿವೆ. ತುದಿಯ ಟ್ಯಾಕಲ್ ಸ್ಥಾನಗಳು ಹೆಚ್ಚಾಗಿ ಅಮೆರಿಕನ್ನರದು. ಬೆಂಚಿನಲ್ಲಿರುವ ಆರನೆಯ ಲೈನ್‌ಮನ್‌ಗೂ ಈ ಲೆಕ್ಕದಿಂದಲೇ ಬೆಲೆ ಬಂದಿದೆ. ಪಂದ್ಯದ ಮಧ್ಯೆ ಕೆನಡಾದ ಗಾರ್ಡ್ ಗಾಯಗೊಂಡರೆ ಅವನ ಜಾಗಕ್ಕೆ ಕೆನಡಾದವನೇ ಇಳಿದರೆ ಮಾತ್ರ ತಂಡದ ಲೆಕ್ಕ ಸರಿಹೋಗುತ್ತದೆ, ಇಲ್ಲವಾದರೆ ಬೇರೆ ಕಡೆ ಒಬ್ಬ ಅಮೆರಿಕನ್ನನನ್ನು ಹೊರಗೆ ಕೂರಿಸಬೇಕು.

ಈ ವ್ಯವಸ್ಥೆ ಏನನ್ನು ಬೆಳೆಸಬಲ್ಲದು ಎಂದು ತಿಳಿಯಲು ಸ್ಕಾಟ್ ಫ್ಲೋರಿ ಅವರ ಬದುಕು ನೋಡಬೇಕು. ಸಸ್ಕ್ಯಾಚೆವಾನ್ ಪ್ರಾಂತ್ಯದ ರಿಜೈನಾದವರು, ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದಲ್ಲಿ ಆಡಿದವರು. 1999ರಿಂದ 2013ರವರೆಗೆ ಹದಿನೈದು ಋತು ಒಂದೇ ತಂಡದಲ್ಲಿ, ಮಾಂಟ್ರಿಯಲ್ ಅಲೂಯೆಟ್ಸ್‌ನಲ್ಲಿ, ಗಾರ್ಡ್ ಆಗಿ ನಿಂತರು. 2002, 2009 ಮತ್ತು 2010ರಲ್ಲಿ ಸಿಎಫ್‌ಎಲ್ ಚಾಂಪಿಯನ್ನರಿಗೆ ಸಿಗುವ ಗ್ರೇ ಕಪ್ ಗೆದ್ದರು. 2008 ಮತ್ತು 2009ರಲ್ಲಿ ಲೀಗಿನ ಶ್ರೇಷ್ಠ ಆಫೆನ್ಸಿವ್ ಲೈನ್‌ಮನ್ ಎನಿಸಿದರು. ಆ ತಂಡದ ಕ್ವಾರ್ಟರ್‌ಬ್ಯಾಕ್ ಆಂಥನಿ ಕಾಲ್ವಿಲೊ ನಿವೃತ್ತರಾಗುವಾಗ 79,816 ಗಜಗಳ ಪಾಸ್‌ನೊಂದಿಗೆ ವೃತ್ತಿಪರ ಫುಟ್‌ಬಾಲ್‌ನಲ್ಲೇ ಅತಿ ಹೆಚ್ಚು ಸಾಧಿಸಿದವರಾಗಿದ್ದರು. ಕಾಲ್ವಿಲೊ ಲಾಸ್ ಏಂಜಲೀಸ್‌ನವರು. ಆ ಗಜಗಳಲ್ಲಿ ಎಷ್ಟೋ ಪಾಲನ್ನು ಅವರು ಎಸೆದದ್ದು ಫ್ಲೋರಿ ಮತ್ತು ವ್ಯಾಂಕೂವರ್‌ನ ಬ್ರಯನ್ ಚಿಯು ಅಂಥ ಕೆನಡಾದವರ ಬೆನ್ನ ಹಿಂದೆ ನಿಂತು. ಚಿಯು ಸೆಂಟರ್ ಆಗಿದ್ದರು, 2002ರ ಶ್ರೇಷ್ಠ ಲೈನ್‌ಮನ್. ಅಮೆರಿಕದ ಪ್ರತಿಭೆ ಮತ್ತು ಕೆನಡಾದ ದುಡಿಮೆ ಪರಸ್ಪರ ಎದುರಾಳಿಗಳು ಎನ್ನುವವರಿಗೆ ಆ ಮಾಂಟ್ರಿಯಲ್ ತಂಡವೇ ಉತ್ತರ.

2018ರಲ್ಲಿ ಫ್ಲೋರಿ ಹಾಲ್ ಆಫ್ ಫೇಮ್ ಸೇರಿದರು. ಅದಕ್ಕೂ ಮೊದಲೇ ಅವರು ತಾವು ಓದಿದ ವಿಶ್ವವಿದ್ಯಾಲಯಕ್ಕೆ ಮುಖ್ಯ ತರಬೇತುದಾರರಾಗಿ ಮರಳಿದ್ದರು. 2021 ಮತ್ತು 2022ರಲ್ಲಿ ಆ ತಂಡ ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಫೈನಲ್ ಆದ ವೇನಿಯರ್ ಕಪ್ ತಲುಪಿತು. ರೇಶಿಯೊ ನಿಯಮವನ್ನು ಕೆಲವರು ಸ್ಥಳೀಯರಿಗೆ ತೋರುವ ಔದಾರ್ಯ ಎಂಬಂತೆ ಮಾತನಾಡುತ್ತಾರೆ. ನಾನು ಒಪ್ಪುವುದಿಲ್ಲ. ಆ ನಿಯಮದಿಂದ ಒಬ್ಬನಿಗೆ ಹದಿನೈದು ವರ್ಷ ಕೆಲಸ ಸಿಕ್ಕಿತು, ಆ ಹದಿನೈದು ವರ್ಷದ ವಿದ್ಯೆ ಮುಂದಿನ ತಲೆಮಾರಿನ ಹುಡುಗರಿಗೆ ಹೋಯಿತು. ಆಟವೊಂದು ತನ್ನ ನೆಲದಲ್ಲಿ ಬೇರು ಬಿಡುವುದು ಹೀಗೆ.

ಹದಿನೈದು ವರ್ಷ ಎಲ್ಲರಿಗೂ ಸಿಗುವುದಿಲ್ಲ. 2012ರ ಮೊದಲ ಆಯ್ಕೆ ಬೆನ್ ಹೀನನ್ ಮೂರು ಋತು ಆಡಿ, 2013ರಲ್ಲಿ ಸಸ್ಕ್ಯಾಚೆವಾನ್ ಜೊತೆ ಗ್ರೇ ಕಪ್ ಗೆದ್ದು, ಆಮೇಲೆ ಎನ್‌ಎಫ್‌ಎಲ್‌ನ ಇಂಡಿಯಾನಾಪೊಲಿಸ್ ತಂಡ ಸೇರಿ, ಸೇರಿದ ವರ್ಷವೇ ಆಟವನ್ನೇ ಬಿಟ್ಟರು. ವೇಬರ್ನ್ ಎಂಬ ಪುಟ್ಟ ಊರಿನ ಬ್ರೆಟ್ ಜೋನ್ಸ್ 2013ರಲ್ಲಿ ಸಿಎಫ್‌ಎಲ್‌ನ ಶ್ರೇಷ್ಠ ಹೊಸ ಆಟಗಾರ, 2014ರಲ್ಲಿ ಶ್ರೇಷ್ಠ ಲೈನ್‌ಮನ್. 2015ಕ್ಕೆ ನ್ಯೂಯಾರ್ಕ್ ಜೈಂಟ್ಸ್ ಸೇರಿದರು. ಕ್ಯಾಲ್ಗರಿ ತಂಡಕ್ಕೆ ಅವರು ದಕ್ಕಿದ್ದು ಎರಡೇ ವರ್ಷ.

ಹೋಗುವುದನ್ನು ತಪ್ಪು ಎನ್ನಲಾಗದು, ಹಣದ ಅಂತರ ಅಷ್ಟಿದೆ. ಸಿಎಫ್‌ಎಲ್‌ನ ಕನಿಷ್ಠ ಸಂಬಳ 2023ರಿಂದ 70,000 ಕೆನಡಿಯನ್ ಡಾಲರ್, ಅಂದಾಜು 44 ಲಕ್ಷ ರೂಪಾಯಿ. ನುರಿತ ಲೈನ್‌ಮನ್ ಎರಡು ಲಕ್ಷ ಡಾಲರ್ ದಾಟುತ್ತಾನೆ, ಅಷ್ಟೆ. 2025ರಲ್ಲಿ ಎನ್‌ಎಫ್‌ಎಲ್‌ಗೆ ಹೊಸದಾಗಿ ಸೇರಿದವನ ಕನಿಷ್ಠ ಸಂಬಳ 8,40,000 ಅಮೆರಿಕನ್ ಡಾಲರ್. ತಂಡದ ಅಭ್ಯಾಸಕ್ಕಷ್ಟೇ ಇರುವ, ಪಂದ್ಯಕ್ಕೆ ಇಳಿಯದವನಿಗೂ ವಾರಕ್ಕೆ 13,000 ಡಾಲರ್. ಆರು ವಾರ ಬರೀ ಅಭ್ಯಾಸ ಮಾಡಿದರೂ ಕೆನಡಾದ ಒಂದು ವರ್ಷದ ಕನಿಷ್ಠ ಸಂಬಳಕ್ಕಿಂತ ಹೆಚ್ಚು ಕೈಸೇರುತ್ತದೆ. ಸಿಎಫ್‌ಎಲ್ ಋತು ಜೂನ್‌ನಿಂದ ನವೆಂಬರ್‌ವರೆಗೆ. ಉಳಿದ ತಿಂಗಳು ಎಷ್ಟೋ ಆಟಗಾರರು ಬೇರೆ ಉದ್ಯೋಗ ಮಾಡುತ್ತಾರೆ.

ಈ ಸೆಳೆತ ಹಳೆಯದು. ಈಚೆಗೆ ಅದು ಹುಡುಗನನ್ನು ಇನ್ನೂ ಮೊದಲೇ ಮುಟ್ಟುತ್ತಿದೆ. ಹಿಂದೆ ಸಿಎಫ್‌ಎಲ್‌ನಲ್ಲಿ ಮಿಂಚಿದ ಮೇಲೆ ಎನ್‌ಎಫ್‌ಎಲ್ ಕರೆಯುತ್ತಿತ್ತು. ಈಗ ವಿಶ್ವವಿದ್ಯಾಲಯದಿಂದಲೇ ಕರೆ ಹೋಗುತ್ತದೆ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದೇ ಲೈನ್‌ನಲ್ಲಿ ಆಡಿದ್ದ ಇಬ್ಬರು 2024ರಲ್ಲಿ ನೇರವಾಗಿ ಎನ್‌ಎಫ್‌ಎಲ್ ಸೇರಿದರು. ಜಿಯೊವಾನಿ ಮಾನು ಅವರನ್ನು ಡೆಟ್ರಾಯ್ಟ್ ನಾಲ್ಕನೇ ಸುತ್ತಿನಲ್ಲಿ ಆರಿಸಿತು. ಥಿಯೊ ಬೆನೆಡೆಟ್ ಅವರನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ, ಆದರೂ ಶಿಕಾಗೊ ಸೇರಿ 2025ರಲ್ಲಿ ಲೆಫ್ಟ್ ಟ್ಯಾಕಲ್ ಆಗಿ ಪಂದ್ಯ ಆರಂಭಿಸಿದರು. ಕ್ವಿಬೆಕ್‌ನ ಮ್ಯಾಥ್ಯೂ ಬರ್ಜರಾನ್ ಇನ್ನೂ ಮೊದಲೇ ಅಮೆರಿಕದ ಸಿರಾಕ್ಯೂಸ್‌ಗೆ ಹೋಗಿ, 2023ರಲ್ಲಿ ಎರಡನೇ ಸುತ್ತಿನಲ್ಲಿ ಅಟ್ಲಾಂಟಾ ಪಾಲಾದರು. ಮಾನು ಮತ್ತು ಬೆನೆಡೆಟ್ ಅವರ ಹಾದಿ ನನಗೆ ಸಂತೋಷ ಕೊಡುತ್ತದೆ. ಕೆನಡಾದ ವಿಶ್ವವಿದ್ಯಾಲಯಗಳ ತರಬೇತಿ ಎಷ್ಟು ಗಟ್ಟಿ ಎಂಬುದನ್ನು ಅದು ತೋರಿಸಿಕೊಟ್ಟಿದೆ. ಆದರೆ ಆ ತರಬೇತಿಯ ಫಲ ಸಿಎಫ್‌ಎಲ್‌ನ ಮೈದಾನಕ್ಕೆ ಬರಲಿಲ್ಲ ಎನ್ನುವುದೂ ಅಷ್ಟೇ ಸತ್ಯ.

ಇದರ ಮೇಲೆ ಅಮೆರಿಕದ ಕಾಲೇಜುಗಳ ಹಣ. 2021ರಿಂದ ಅಲ್ಲಿನ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಸಂಪಾದಿಸಬಹುದು. 2025ರ ನ್ಯಾಯಾಲಯದ ಇತ್ಯರ್ಥದ ನಂತರ ಕಾಲೇಜುಗಳೇ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ ತಮ್ಮ ಆಟಗಾರರಿಗೆ ಹಂಚಬಹುದು. ದೊಡ್ಡ ಕಾಲೇಜಿನ ಒಳ್ಳೆಯ ಲೈನ್‌ಮನ್‌ಗೆ ಅದರಲ್ಲಿ ಸಿಗುವ ಪಾಲು ಸಿಎಫ್‌ಎಲ್‌ನ ಆರಂಭಿಕ ಸಂಬಳವನ್ನು ಸುಲಭವಾಗಿ ಮೀರಬಲ್ಲದು. ಕೆನಡಾದ ಹುಡುಗರಿಗೆ ಇಲ್ಲೊಂದು ತೊಡಕೂ ಇದೆ. ಅವರು ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರು, ಆ ವೀಸಾ ದುಡಿಮೆಗೆ ಕಡಿವಾಣ ಹಾಕುತ್ತದೆ. ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ಹೋದ ನಮ್ಮ ಕಡೆಯ ಮಕ್ಕಳಿಗೂ ಆ ಕಟ್ಟುಪಾಡು ಚೆನ್ನಾಗಿ ಗೊತ್ತು. ಹಾಗಾಗಿ ಸದ್ಯಕ್ಕೆ ಎಲ್ಲರೂ ಗಡಿ ದಾಟಿಬಿಡುತ್ತಾರೆ ಎನ್ನುವಂತಿಲ್ಲ. ಆ ತೊಡಕು ಸಡಿಲಗೊಂಡರೆ ಮೊದಲ ಪೆಟ್ಟು ಬೀಳುವುದು ಲೈನ್‌ಗೆ, ಏಕೆಂದರೆ ಕೆನಡಾದವರಿಗೆ ಅತಿ ಹೆಚ್ಚು ಬೇಡಿಕೆ ಇರುವುದು ಅಲ್ಲಿಯೇ.

ಮೇಲಿನಿಂದ ಈ ಸೆಳೆತವಾದರೆ, ಕೆಳಗಿನಿಂದ ರೇಶಿಯೊ ತೆಳುವಾಗುತ್ತಿದೆ. 2022ರ ಮೇ ತಿಂಗಳಲ್ಲಿ ಸಿಎಫ್‌ಎಲ್ ಆಟಗಾರರು ಮುಷ್ಕರ ಹೂಡಿದರು. 1974ರ ನಂತರ ಅದೇ ಮೊದಲು. ಕೆಲವೇ ದಿನಗಳಲ್ಲಿ ಸಂಘದ ಮುಖಂಡರು ಒಂದು ಒಪ್ಪಂದಕ್ಕೆ ಬಂದರೂ ಆಟಗಾರರು ಅದನ್ನು ಮತದಾನದಲ್ಲಿ ತಿರಸ್ಕರಿಸಿದರು. ಅವರ ಅಸಮಾಧಾನಕ್ಕೆ ರೇಶಿಯೊ ಬದಲಾವಣೆಯೂ ಒಂದು ಕಾರಣ. ಕೊನೆಗೆ ಏಳು ವರ್ಷಗಳ ಒಪ್ಪಂದವಾಯಿತು. ಅದರಂತೆ 2023ರಿಂದ ಕೆನಡಾದ ಸ್ಟಾರ್ಟರ್‌ಗಳ ಸಂಖ್ಯೆ ಕಾಗದದ ಮೇಲೆ ಏಳರಿಂದ ಎಂಟಕ್ಕೇರಿತು. ಆದರೆ ಆ ಎಂಟರಲ್ಲಿ ಒಂದು ಜಾಗ ‘ನ್ಯಾಷನಲೈಸ್ಡ್ ಅಮೆರಿಕನ್’ ಎನ್ನುವವರಿಗೆ, ಅಂದರೆ ಒಂದೇ ತಂಡದಲ್ಲಿ ಮೂರು ವರ್ಷ ಅಥವಾ ಲೀಗ್‌ನಲ್ಲಿ ಐದು ವರ್ಷ ಆಡಿದ ಅಮೆರಿಕನ್ನರಿಗೆ. ಅಷ್ಟಲ್ಲದೆ ಇಂಥ ಅಮೆರಿಕನ್ನರು ಕೆಲವು ಜಾಗಗಳಲ್ಲಿ ಕೆನಡಾದ ಸ್ಟಾರ್ಟರ್ ಬದಲಿಗೆ ಪಂದ್ಯದ 49 ಶೇಕಡದವರೆಗೆ ಆಡಬಹುದು.

ಈ ಬದಲಾವಣೆಯ ಪರವಾಗಿ ನ್ಯಾಯವಾದ ಮಾತೊಂದಿದೆ, ಅದನ್ನು ಮರೆಮಾಚಬಾರದು. ಸ್ಟ್ಯಾನ್ಲಿ ಬ್ರಯಂಟ್ ಉತ್ತರ ಕ್ಯಾರೊಲೈನಾದವರು. 2010ರಲ್ಲಿ ಕ್ಯಾಲ್ಗರಿಗೆ ಬಂದವರು, 2015ರಲ್ಲಿ ವಿನಿಪೆಗ್ ಸೇರಿದರು. 2017, 2018, 2021, 2022, ಹೀಗೆ ನಾಲ್ಕು ಬಾರಿ ಶ್ರೇಷ್ಠ ಲೈನ್‌ಮನ್ ಪ್ರಶಸ್ತಿ ಪಡೆದರು, ಅಷ್ಟು ಸಲ ಬೇರೆ ಯಾರಿಗೂ ಸಿಕ್ಕಿಲ್ಲ. ಇಂಥವರು ಬೇರು ಬಿಟ್ಟು ನಿಂತರೆ ಅವರನ್ನು ಇನ್ನೂ ಹೊರಗಿನವರು ಎಂದೇ ಎಣಿಸುವುದು ಸರಿಯೇ? ಸರಿಯಲ್ಲ. ಆದರೆ ಅವರ ನಿಷ್ಠೆಗೆ ಕೊಡುವ ಬಹುಮಾನವನ್ನು ಅಮೆರಿಕನ್ನರಿಗಿರುವ ಹದಿನೇಳು ಜಾಗಗಳ ಲೆಕ್ಕದಿಂದ ಕೊಡಬೇಕು. ವಿಶ್ವವಿದ್ಯಾಲಯದಿಂದ ಬಂದು ಎರಡು ವರ್ಷ ಬೆಂಚಿನಲ್ಲಿ ಕುಳಿತು ಕಲಿಯುತ್ತಿರುವ ಗಾರ್ಡ್‌ನ ಅವಕಾಶದಿಂದ ಕಿತ್ತು ಕೊಡಬಾರದು. ಲೈನ್‌ಮನ್ ತಯಾರಾಗಲು ಸಮಯ ಬೇಕು. ಅರ್ಧ ಪಂದ್ಯ ಅಮೆರಿಕನ್ನನನ್ನು ಆಡಿಸಬಹುದು ಎನ್ನುವ ದಾರಿ ತೆರೆದಾಗ ಆ ಸಮಯ ಕೊಡುವ ತಾಳ್ಮೆ ತರಬೇತುದಾರನಿಗೆ ಉಳಿಯುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಲೀಗಿನ ಕಮಿಷನರ್ ಸ್ಟೂವರ್ಟ್ ಜಾನ್‌ಸ್ಟನ್ ಆಟದ ನಿಯಮಗಳನ್ನೇ ಬದಲಿಸುವುದಾಗಿ ಘೋಷಿಸಿದರು. 2026ರಿಂದ ಒಂದು ಡೌನ್‌ನ ಆಟ ಮುಗಿದೊಡನೆ, ಮುಂದಿನದನ್ನು ಶುರುಮಾಡಲು ತಾನಾಗಿಯೇ 35 ಸೆಕೆಂಡುಗಳ ಗಡಿಯಾರ ಓಡತೊಡಗುತ್ತದೆ. 2027ರಿಂದ 110 ಗಜದ ಮೈದಾನ 100 ಗಜವಾಗುತ್ತದೆ, ಗೋಲು ಗೆರೆಯ ಆಚೆಗಿನ ಅಂಕ ಗಳಿಸುವ ವಲಯ, ಅಂದರೆ ಎಂಡ್ ಝೋನ್, 20ರಿಂದ 15 ಗಜಕ್ಕೆ ಇಳಿಯುತ್ತದೆ, ಗೋಲು ಕಂಬಗಳು ಗೋಲು ಗೆರೆಯಿಂದ ಹಿಂದಕ್ಕೆ ಹೋಗುತ್ತವೆ. ಆಟವನ್ನು ಅಮೆರಿಕದ ಅಚ್ಚಿಗೆ ಸುರಿಯಲಾಗುತ್ತಿದೆ ಎಂಬ ಸಿಟ್ಟು ಅಭಿಮಾನಿಗಳಲ್ಲೂ ಆಟಗಾರರಲ್ಲೂ ಎದ್ದಿತು. ಲೈನ್‌ಮನ್‌ನ ದೃಷ್ಟಿಯಿಂದ ನೋಡಿದರೆ ಅವನ ಕಸುಬಿನ ಅಡಿಪಾಯ ಇನ್ನೂ ಅಲುಗಿಲ್ಲ. ಮೂರು ಡೌನ್, ಹನ್ನೆರಡು ಮಂದಿ, 65 ಗಜದ ಅಗಲ ಹಾಗೇ ಉಳಿದಿವೆ. ಗಡಿಯಾರದ ಬದಲಾವಣೆ ಮಾತ್ರ ಅವನಿಗೆ ನೇರವಾಗಿ ತಟ್ಟುತ್ತದೆ. ಇದುವರೆಗೆ ರೆಫರಿ ಸೂಚನೆ ಕೊಟ್ಟ ಮೇಲೆ 20 ಸೆಕೆಂಡು ಎಣಿಕೆ ಶುರುವಾಗುತ್ತಿತ್ತು, ಅದಕ್ಕೂ ಮುಂಚಿನ ಬಿಡುವು ಪಂದ್ಯದಿಂದ ಪಂದ್ಯಕ್ಕೆ ಬೇರೆಯಾಗುತ್ತಿತ್ತು. ಇನ್ನು ಆಟದ ಲಯವನ್ನು ಆಕ್ರಮಣ ಮಾಡುವ ತಂಡವೇ ಹೆಚ್ಚು ನಿಯಂತ್ರಿಸುತ್ತದೆ. ವೇಗ ಹೆಚ್ಚಿಸಿದರೆ ಎದುರಾಳಿ ದಣಿಯುತ್ತಾನೆ, 135 ಕಿಲೋದ ಗಾರ್ಡ್ ಕೂಡ ದಣಿಯುತ್ತಾನೆ. ಭಾರಕ್ಕಿಂತ ದಮ್ಮಿಗೆ ಬೆಲೆ ಬರುವ ದಿನಗಳು ಹತ್ತಿರದಲ್ಲಿವೆ ಎಂಬುದು ನನ್ನ ಊಹೆ.

ದೇಹದ ಮಾತು ಬಂತು. ಲೈನ್‌ಮನ್‌ಗೆ ದೊಡ್ಡ ಅಪಘಾತಗಳಿಗಿಂತ ಸಣ್ಣ ಪೆಟ್ಟುಗಳೇ ಅಪಾಯ. ಪ್ರತಿ ಆಟದಲ್ಲೂ, ಚೆಂಡು ಎತ್ತ ಹೋದರೂ, ಅವನಿಗೆ ಡಿಕ್ಕಿ ತಪ್ಪಿದ್ದಲ್ಲ. ಪ್ರಜ್ಞೆ ತಪ್ಪಿಸದ, ಯಾರ ಕಣ್ಣಿಗೂ ಬೀಳದ ಈ ಪೆಟ್ಟುಗಳು ವರ್ಷಗಟ್ಟಲೆ ಸೇರುತ್ತ ಹೋಗಿ ಮೆದುಳಿಗೆ ಹಾನಿ ಮಾಡಬಲ್ಲವು. ಇದನ್ನು ಮನಗಂಡೇ 2017ರಲ್ಲಿ ಲೀಗ್ ಮತ್ತು ಆಟಗಾರರ ಸಂಘ, ಋತುವಿನ ಮಧ್ಯೆ ಪೂರ್ಣ ಪ್ಯಾಡ್ ತೊಟ್ಟು ಡಿಕ್ಕಿ ಹೊಡೆಯುವ ಅಭ್ಯಾಸವನ್ನು ನಿಲ್ಲಿಸಿದವು. 2022ರ ಒಪ್ಪಂದದಲ್ಲಿ ಅದು ಮಿತಿಯೊಳಗೆ ಮರಳಿ ಬಂತು. ಇಲ್ಲಿ ಎರಡು ಸತ್ಯಗಳು ಎದುರುಬದುರಾಗುತ್ತವೆ. ಪೆಟ್ಟು ಕಡಿಮೆಯಾದಷ್ಟೂ ಬದುಕು ಸುರಕ್ಷಿತ. ಆದರೆ ಹೊಸ ಲೈನ್‌ಮನ್ ತನ್ನ ಕೆಲಸ ಕಲಿಯುವುದು ಮೈಗೆ ಮೈ ತಾಗಿಸಿಯೇ, ಹಲಗೆಯ ಮೇಲೆ ಗೆರೆ ಎಳೆದು ಅದನ್ನು ಕಲಿಸಲಾಗದು. ನನ್ನ ಮನಸ್ಸು ಸುರಕ್ಷತೆಯ ಕಡೆಗೇ. ಕಲಿಕೆಗೆ ಬೇಕಾದ ಡಿಕ್ಕಿಯನ್ನು ಋತು ಶುರುವಾಗುವ ಮೊದಲಿನ ಶಿಬಿರಕ್ಕೆ ಸೀಮಿತಗೊಳಿಸಿ, ಜೂನ್‌ನಿಂದಾಚೆಗೆ ಆ ತಲೆಗಳಿಗೆ ಪಂದ್ಯದ ಪೆಟ್ಟಷ್ಟೇ ಸಾಕು ಎನ್ನಬಹುದಿತ್ತು.

ಆಟ ಮುಗಿದ ಮೇಲಿನ ಬದುಕಿನಲ್ಲಿ ಕೆಲವರು ಬೆರಗುಗೊಳಿಸುತ್ತಾರೆ. ಒಟ್ಟಾವಾದಲ್ಲಿ ಪಾಕಿಸ್ತಾನಿ ಮೂಲದ ಕುಟುಂಬದಲ್ಲಿ ಹುಟ್ಟಿದ ಒಬಿ ಖಾನ್ ವಿನಿಪೆಗ್ ತಂಡದ ಸೆಂಟರ್ ಆಗಿದ್ದರು. ನಿವೃತ್ತಿಯ ಬಳಿಕ ಅದೇ ಊರಿನಲ್ಲಿ ಶವರ್ಮಾ ಹೋಟೆಲ್ ತೆರೆದರು. 2022ರಲ್ಲಿ ಮ್ಯಾನಿಟೋಬಾ ಶಾಸನಸಭೆಯ ಉಪಚುನಾವಣೆಗೆ ನಿಂತಾಗ ಅವರ ಮುಖ್ಯ ಎದುರಾಳಿ ವಿಲಾರ್ಡ್ ರೀವ್ಸ್, ಅದೇ ವಿನಿಪೆಗ್ ತಂಡದ ಹಳೆಯ ಓಟಗಾರ. ಲೈನ್‌ಮನ್ ಕಡಿಮೆ ಅಂತರದಲ್ಲಿ ಗೆದ್ದರು, 2025ರಲ್ಲಿ ಪ್ರಾಂತ್ಯದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ನಾಯಕರೂ ಆದರು. ಫಿಜಿಯಲ್ಲಿ ಭಾರತೀಯ ಮೂಲದವರಾಗಿ ಹುಟ್ಟಿ ವ್ಯಾಂಕೂವರ್‌ನಲ್ಲಿ ಬೆಳೆದ ಬಾಬಿ ಸಿಂಗ್ ಗಾರ್ಡ್ ಆಗಿದ್ದವರು, ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ತಂಡದಲ್ಲೂ ಗ್ರೇ ಕಪ್ ಗೆದ್ದ ತಂಡದಲ್ಲೂ ಇದ್ದವರು. ಕೆನಡಾದಲ್ಲಿ ನೆಲೆಸಿದ ನಮ್ಮ ಜನರ ಮಕ್ಕಳು ಈ ಇಬ್ಬರ ಕಥೆ ತಿಳಿದುಕೊಳ್ಳಬೇಕೆಂದು ನನ್ನ ಆಸೆ. ದಕ್ಷಿಣ ಏಷ್ಯಾದ ಹುಡುಗನಿಗೆ ಈ ಆಟದಲ್ಲಿ ಜಾಗವಿಲ್ಲ ಎಂದು ಅವರಿಗೆ ಯಾರೂ ಹೇಳಲಾಗದು.

ಆದರೆ ಹೋಟೆಲ್ ತೆರೆಯಲು ಗಟ್ಟಿ ಮೊಣಕಾಲು ಬೇಕು. ಕೆನಡಾದಲ್ಲಿ ಕಾರ್ಖಾನೆ ಕಾರ್ಮಿಕನಿಗೆ ಸಿಗುವ ಕಾರ್ಮಿಕ ಪರಿಹಾರ ವಿಮೆ ಬಹುತೇಕ ಪ್ರಾಂತ್ಯಗಳಲ್ಲಿ ವೃತ್ತಿಪರ ಆಟಗಾರರಿಗೆ ಇಲ್ಲ. ತಲೆಗೆ ಬಿದ್ದ ಪೆಟ್ಟಿನ ಪರಿಹಾರಕ್ಕಾಗಿ ಆರ್ಲಂಡ್ ಬ್ರೂಸ್ ಎಂಬ ಹಿಂದಿನ ಆಟಗಾರ ಹೂಡಿದ ಮೊಕದ್ದಮೆಯನ್ನು ಕೇಳಲು 2018ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಂಥ ದೂರುಗಳಿಗೆ ಲೀಗ್ ಮತ್ತು ಸಂಘದ ಸಾಮೂಹಿಕ ಒಪ್ಪಂದದಲ್ಲಿರುವ ಮಧ್ಯಸ್ಥಿಕೆಯೇ ದಾರಿ ಎಂಬ ಕೆಳ ನ್ಯಾಯಾಲಯಗಳ ನಿಲುವು ಹಾಗೇ ಉಳಿಯಿತು. ಅಂದರೆ ಗಾಯಾಳುವಿಗೆ ಏನು ಸಿಗಬೇಕಿದ್ದರೂ ಅದು ಒಪ್ಪಂದಪತ್ರದಿಂದಲೇ ಸಿಗಬೇಕು. ಗಾಯದ ನಂತರದ ಚಿಕಿತ್ಸೆಯ ಅವಧಿ ಹಿಂದೆ ಒಂದೇ ವರ್ಷವಿತ್ತು, ಈಚಿನ ಒಪ್ಪಂದಗಳಲ್ಲಿ ಅದು ಹಂತಹಂತವಾಗಿ ಹೆಚ್ಚಿದೆ. 2022ರಲ್ಲಿ ಮೊದಲ ಬಾರಿಗೆ ಸಂಬಳದ ಒಂದು ಭಾಗಕ್ಕೆ ಖಾತರಿಯೂ ಬಂತು. ಮುಷ್ಕರ ಮಾಡಿ ಪಡೆದದ್ದು ಇದು.

ಏಳು ವರ್ಷಗಳ ಆ ಒಪ್ಪಂದ 2028ರ ಋತುವಿನವರೆಗೆ. ಮುಂದಿನ ಮಾತುಕತೆಯಲ್ಲಿ ಲೀಗ್ ರೇಶಿಯೊವನ್ನು ಮತ್ತೆ ಮೇಜಿನ ಮೇಲಿಡುವುದು ನನ್ನ ಮಟ್ಟಿಗೆ ಖಂಡಿತ. ಹಣದ ಹೊಸ ಆಮಿಷವೂ ಜೊತೆಗಿರುತ್ತದೆ. ಆಟಗಾರರ ಸಂಘ ಅಲ್ಲಿ ಎರಡು ವಿಷಯಗಳನ್ನು ಬಿಟ್ಟುಕೊಡಬಾರದು. 49 ಶೇಕಡದ ಬಾಗಿಲು ಕನಿಷ್ಠ ಆಫೆನ್ಸಿವ್ ಲೈನ್‌ಗಾದರೂ ಮುಚ್ಚಬೇಕು, ಮತ್ತು ಆಟ ಬಿಟ್ಟವನ ಮೊಣಕಾಲು, ಬೆನ್ನು, ತಲೆಯ ಚಿಕಿತ್ಸೆಯ ಖರ್ಚನ್ನು ವರ್ಷಗಳ ಲೆಕ್ಕ ಹಾಕದೆ ಲೀಗ್ ಹೊರಬೇಕು. ಎರಡನೆಯದಕ್ಕೆ ಪ್ರಾಂತ್ಯ ಸರ್ಕಾರಗಳು ಕಾರ್ಮಿಕ ಪರಿಹಾರ ಕಾನೂನನ್ನು ತಿದ್ದಿದರೂ ಸಾಕು. ವಿನಿಪೆಗ್‌ನಲ್ಲಂತೂ ಆ ಕಾನೂನು ಮಾಡುವ ಸಭೆಯೊಳಗೇ ಒಬ್ಬ ಹಳೆಯ ಸೆಂಟರ್ ಕುಳಿತಿದ್ದಾರೆ. ಅವರು ಈ ಪ್ರಶ್ನೆಯನ್ನು ಅಲ್ಲಿ ಎತ್ತಬೇಕು.